ಗಡಿಗೆ ಎರಡು ಗೇಟುಗಳಿರುತ್ತವೆ: ರೋಗದ ಕಾಲದಲ್ಲಿ ರಸ್ತೆ ಹಿಡಿದು ದೇಶ ದಾಟುವವರಿಗೆ

ಸಾಂಕ್ರಾಮಿಕ ರೋಗ ಹಬ್ಬಿರುವ ಕಡೆ ಬಸ್ಸು, ಬಾಡಿಗೆ ಕಾರು ಹಿಡಿದು ಒಂದು ದೇಶದಿಂದ ಇನ್ನೊಂದಕ್ಕೆ ದಾಟುವ ಯೋಚನೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಪಶ್ಚಿಮ ಆಫ್ರಿಕಾದಲ್ಲಿ ಎಬೋಲಾ ಏರುತ್ತಿದ್ದ 2014ರ ಆಗಸ್ಟ್‌ನಲ್ಲಿ ನಾನು ಮತ್ತು ನನ್ನ ಗೆಳೆಯ ಗಿನಿ ಹಾಗೂ ಸೆನೆಗಲ್ ದೇಶಗಳ ನಡುವೆ, ಎರಡೂ ಕಡೆಯವರು ಒಳಗೆ ಬಿಡದ ಒಂದು ತುಂಡು ರಸ್ತೆಯ ಮೇಲೆ ಸಿಕ್ಕಿಹಾಕಿಕೊಂಡೆವು. ರೋಗ ನಮ್ಮ ಹತ್ತಿರವೂ ಸುಳಿಯಲಿಲ್ಲ. ನಮ್ಮನ್ನು ಕೆಡವಿದ್ದು ಪಾಸ್‌ಪೋರ್ಟಿನ ಒಂದು ಠಸ್ಸೆ.

ಆ ಸಮಯದಲ್ಲಿ ಅಲ್ಲಿಗೆ ಏಕೆ ಹೋದಿರಿ ಎಂದು ಅನೇಕರು ಕೇಳಿದ್ದಾರೆ. ರೋಗ ಮೊದಲು ಕಾಣಿಸಿದ್ದು ಗಿನಿಯ ಆಗ್ನೇಯ ಮೂಲೆಯ ಗೆಕೆಡು ಪ್ರದೇಶದಲ್ಲಿ. ನಾವಿದ್ದದ್ದು ಉತ್ತರದ ಫೂಟಾ ಜಲೋನ್ ಬೆಟ್ಟಸೀಮೆಯ ಲಾಬೆ ಪಟ್ಟಣದಲ್ಲಿ, ಅಲ್ಲಿಂದ ನೂರಾರು ಕಿಲೋಮೀಟರ್ ದೂರ. ಮಾರ್ಚ್ ಕೊನೆಯಲ್ಲಿ ಗಡಿ ಮುಚ್ಚಿದ್ದ ಸೆನೆಗಲ್ ಮೇ ತಿಂಗಳಲ್ಲಿ ಮತ್ತೆ ತೆರೆದಿತ್ತು. ನಾವು ಆ ತೆರೆದ ಗಡಿಯಿಂದಲೇ, ನಿಯಮದ ಪ್ರಕಾರ ಗಿನಿಗೆ ಬಂದವರು. ಆಗಸ್ಟ್ 8ರಂದು ವಿಶ್ವ ಆರೋಗ್ಯ ಸಂಸ್ಥೆ ಅಂತರರಾಷ್ಟ್ರೀಯ ತುರ್ತುಸ್ಥಿತಿ ಘೋಷಿಸಿತು. ಆದರೆ ಪ್ರಯಾಣ ಅಥವಾ ವ್ಯಾಪಾರದ ಮೇಲೆ ಸಾರ್ವತ್ರಿಕ ನಿಷೇಧ ಬೇಡ ಎಂದೂ ಅದೇ ದಿನ ಹೇಳಿತು. ಆ ಮಾತನ್ನು ನಂಬಿ ದಾರಿ ಯೋಜಿಸುವವರಿಗೆ ನನ್ನ ಮೊದಲ ಎಚ್ಚರಿಕೆ ಇದು: ಆ ಸಂಸ್ಥೆ ಸಲಹೆ ಕೊಡುತ್ತದೆ, ಗೇಟಿನ ಬೀಗ ಮಾತ್ರ ಆಯಾ ಸರ್ಕಾರದ ಕೈಯಲ್ಲಿರುತ್ತದೆ. ಸಲಹೆ ಮೀರಿ ಸಂಚಾರಕ್ಕೆ ತಡೆಯೊಡ್ಡುವ ದೇಶ 48 ಗಂಟೆಗಳೊಳಗೆ ಆ ಸಂಸ್ಥೆಗೆ ಕಾರಣ ತಿಳಿಸಬೇಕು ಎಂದು ಅಂತರರಾಷ್ಟ್ರೀಯ ಆರೋಗ್ಯ ನಿಯಮಾವಳಿ ಹೇಳುತ್ತದೆ. ಅಂದರೆ ಬೀಗ ಮೊದಲು ಬೀಳುತ್ತದೆ, ಕಾರಣ ಆಮೇಲೆ ಬರುತ್ತದೆ. ಪ್ರಯಾಣಿಕನಿಗೆ ಮುಂಚಿತವಾಗಿ ತಿಳಿಸಬೇಕೆಂಬ ಕಟ್ಟುಪಾಡು ಯಾರ ಮೇಲೂ ಇಲ್ಲ.

ನಮ್ಮ ವಾಪಸ್ ವಿಮಾನ ಸೆನೆಗಲ್‌ನ ರಾಜಧಾನಿ ಡಾಕರ್‌ನಿಂದ ಇತ್ತು. ಲಾಬೆಯ ವಾಹನ ನಿಲ್ದಾಣದಲ್ಲಿ ಸೀಟು ತುಂಬಿಸುವ ಒಬ್ಬ ಮಧ್ಯವರ್ತಿ ನಮ್ಮನ್ನು ಹಿಡಿದುಕೊಂಡ. ಗಡಿ ತೆರೆದಿದೆಯೇ ಎಂದು ಬಗೆಬಗೆಯಾಗಿ ಕೇಳಿದೆವು. ಅವನು ನಮ್ಮೆದುರೇ ಯಾರಿಗೋ ಫೋನ್ ಮಾಡಿ, ತೆರೆದಿದೆ, ನಿನ್ನೆಯೂ ಕಾರು ಹೋಗಿದೆ ಎಂದ. ಗಡಿಯಾಚೆ ಸೆನೆಗಲ್‌ನ ಜಾವುಬೆ ಪೇಟೆಯವರೆಗಿನ ಬಾಡಿಗೆಯನ್ನು ಮುಂಗಡವಾಗಿ ಎಣಿಸಿಕೊಂಡ. ಆ ಮಾರ್ಗದಲ್ಲಿ ಓಡುವುದು ಹಳೆಯ ಪೂಜೋ ಕಾರುಗಳು. ಏಳು ಜನರಿಗೆಂದು ಮಾಡಿದ ಕಾರಿನಲ್ಲಿ ಅದಕ್ಕಿಂತ ಹೆಚ್ಚು ಜನ, ಮೇಲೆ ಬೆಟ್ಟದಷ್ಟು ಸಾಮಾನು. ಆಗಸ್ಟ್ ಅಲ್ಲಿ ಸುರಿಯುವ ಮಳೆಯ ತಿಂಗಳು. ಕುಂಡಾರಾ ಕಡೆಗಿನ ಕೆಮ್ಮಣ್ಣಿನ ರಸ್ತೆಯಲ್ಲಿ ರಾತ್ರಿಯಿಡೀ ಇಳಿದು ತಳ್ಳುವುದು, ಹತ್ತಿ ಕೂರುವುದು, ಇದೇ ಕೆಲಸವಾಯಿತು. ಫೋನಿಗೆ ಸಿಗ್ನಲ್ ಇರಲಿಲ್ಲ. ಆಗಸ್ಟ್ 21ರಂದು ಸೆನೆಗಲ್ ಭೂಗಡಿಯನ್ನು ಮತ್ತೆ ಮುಚ್ಚಿದ ಸುದ್ದಿ ಲೋಕಕ್ಕೆಲ್ಲ ತಿಳಿದಿತ್ತು, ಆ ಕಾರಿನೊಳಗೆ ಮಾತ್ರ ಬಂದಿರಲಿಲ್ಲ.

ಗಿನಿಯ ಠಾಣೆಯಲ್ಲಿ ಯಾರೂ ತಡೆಯಲಿಲ್ಲ. ಪುಸ್ತಕದಲ್ಲಿ ಹೆಸರು ಬರೆದರು, ಪಾಸ್‌ಪೋರ್ಟಿಗೆ ನಿರ್ಗಮನದ ಠಸ್ಸೆ ಒತ್ತಿದರು, ಶುಭ ಪ್ರಯಾಣ ಎಂದರು. ಅವರ ಲೆಕ್ಕದಲ್ಲಿ ಗಡಿ ತೆರೆದೇ ಇತ್ತು, ಏಕೆಂದರೆ ಅವರ ಸರ್ಕಾರ ಮುಚ್ಚಿರಲಿಲ್ಲ. ಮುಂದೆ ಸೆನೆಗಲ್‌ನ ಹಗ್ಗದ ಬಳಿ ಸಮವಸ್ತ್ರದವರು ಕೈ ಅಡ್ಡ ಹಿಡಿದರು. ಗಿನಿಯಿಂದ ಯಾರಿಗೂ ಪ್ರವೇಶವಿಲ್ಲ, ಅಷ್ಟೇ. ಚಾಲಕ ಸಾಮಾನು ಕೆಳಗಿಳಿಸಿದ. ಬಾಡಿಗೆ ವಾಪಸ್ ಕೇಳಿದರೆ, ಗಡಿಯವರೆಗೆ ತಂದಿದ್ದೇನಲ್ಲ ಎಂದು ಹೇಳಿ, ವಾಪಸ್ ಹೋಗುವವರಿಂದ ಹೊಸ ಬಾಡಿಗೆ ಎತ್ತತೊಡಗಿದ. ಮಧ್ಯವರ್ತಿಯ ಫೋನ್ ಆಮೇಲೆ ಎಂದೂ ಹತ್ತಲಿಲ್ಲ. ಅವನಿಗೆ ಸುದ್ದಿ ಗೊತ್ತಿತ್ತೋ ಇಲ್ಲವೋ, ಅದು ನನಗೆ ಈಗ ಮುಖ್ಯವಲ್ಲ. ಸೀಟು ತುಂಬಿದರೆ ಮಾತ್ರ ದುಡ್ಡು ಕಾಣುವವನ ಬಾಯಿಂದ ಬಂದ ‘ತೆರೆದಿದೆ’ ಎಂಬ ಮಾತಿಗೆ ಬೆಲೆ ಇಲ್ಲ ಎಂಬುದನ್ನು ನೀವು ತಿಳಿದಿರಬೇಕು.

ನಿಜವಾದ ಸಂಕಟ ಶುರುವಾಗಿದ್ದು ಹಿಂದಿರುಗಿ ಗಿನಿಯ ಠಾಣೆಗೆ ಬಂದಾಗ. ನೀವು ನಮ್ಮ ದೇಶ ಬಿಟ್ಟಾಯಿತು ಎಂದರು. ನಮ್ಮ ಗಿನಿ ವೀಸಾ ಒಂದೇ ಬಾರಿಯ ಪ್ರವೇಶದ್ದು. ಠಸ್ಸೆ ಬಿದ್ದ ಕ್ಷಣಕ್ಕೆ ಅದು ಮುಗಿದಿತ್ತು. ಸ್ಥಳೀಯರಿಗೆ ಇಂಥ ತೊಡಕು ಇರಲಿಲ್ಲ, ಅವರು ತಮ್ಮ ಗುರುತಿನ ಚೀಟಿ ತೋರಿಸಿ ವಾಪಸಾದರು. ಆದರೆ ಅವರ ನಷ್ಟ ನಮ್ಮದಕ್ಕಿಂತ ದೊಡ್ಡದು. ಫೂಟಾ ಜಲೋನ್‌ನ ಆಲೂಗಡ್ಡೆ ಆ ಭಾಗದಲ್ಲೆಲ್ಲ ಹೆಸರುವಾಸಿ. ಮೂಟೆಗಟ್ಟಲೆ ತಂದಿದ್ದ ಹೆಂಗಸರು ಮಳೆಯಲ್ಲಿ ಅದು ಕೊಳೆಯುವುದನ್ನು ನೋಡುತ್ತ ಕುಳಿತಿದ್ದರು. ಅವರಲ್ಲೊಬ್ಬ ತಾಯಿ ತನ್ನ ಟಾರ್ಪಾಲಿನ ಕೆಳಗೆ ನಮಗೂ ಜಾಗ ಕೊಟ್ಟಳು. ಗಡಿ ಮುಚ್ಚುವ ಆದೇಶ ಬರೆಯುವವರು ಆ ಮೂಟೆಗಳನ್ನು ನೋಡಿರುವುದಿಲ್ಲ ಎಂಬ ಸಿಟ್ಟು ನನಗೆ ಇಂದಿಗೂ ಇದೆ.

ಅಲ್ಲಿ ಕಾದಿದ್ದಾಗ ಕಾಡುದಾರಿಯಿಂದ ಬೈಕಿನಲ್ಲಿ ದಾಟಿಸುತ್ತೇವೆ ಎಂದು ಹುಡುಗರು ಬಂದರು. ಯಾವ ಪರಿಸ್ಥಿತಿಯಲ್ಲೂ ಇದಕ್ಕೆ ಒಪ್ಪಬೇಡಿ. ಪ್ರವೇಶದ ಠಸ್ಸೆ ಇಲ್ಲದೆ ಒಳಗೆ ಸಿಕ್ಕಿಬಿದ್ದರೆ ನೀವು ಅಕ್ರಮ ವಲಸಿಗರು, ಅದೂ ರೋಗಪೀಡಿತ ದೇಶದಿಂದ ನುಸುಳಿದವರು. ಕೆಲವೇ ದಿನಗಳಲ್ಲಿ, ಆಗಸ್ಟ್ 29ರಂದು, ಸೆನೆಗಲ್‌ನ ಮೊದಲ ಎಬೋಲಾ ಪ್ರಕರಣ ದೃಢಪಟ್ಟಿತು. ಗಿನಿಯ ಒಬ್ಬ ವಿದ್ಯಾರ್ಥಿ ರಸ್ತೆಯ ಮೂಲಕವೇ ಆಗಸ್ಟ್ 20ರಂದು, ಅಂದರೆ ಬೀಗ ಬೀಳುವ ಹಿಂದಿನ ದಿನ, ಡಾಕರ್ ತಲುಪಿದ್ದ. ಅವನ ಸಂಪರ್ಕಕ್ಕೆ ಬಂದ 74 ಜನರನ್ನು ಪತ್ತೆಹಚ್ಚಿ ನಿಗಾದಲ್ಲಿಟ್ಟರು. ಅವನು ಗುಣಮುಖನಾದ, ಬೇರೆ ಯಾರಿಗೂ ಹರಡಲಿಲ್ಲ. ರೋಗವನ್ನು ಅಲ್ಲಿ ತಡೆದದ್ದು ಆ ನಿಗಾ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಆ ಸುದ್ದಿ ಹೊರಬಿದ್ದ ವಾರದಲ್ಲಿ ಕಳ್ಳದಾರಿಯಿಂದ ಬಂದ ವಿದೇಶಿಯರು ಹಳ್ಳಿಯಲ್ಲಿ ಸಿಕ್ಕಿದ್ದರೆ ಏನಾಗುತ್ತಿತ್ತು ಎಂದು ಊಹಿಸಿ.

ಕೊನೆಗೆ ಪಾಳಿ ಬದಲಾಗಿ ಬಂದ ಹಿರಿಯ ಅಧಿಕಾರಿಯೊಬ್ಬರು ನಮ್ಮನ್ನು ಉಳಿಸಿದರು. ಸೆನೆಗಲ್ ಕಡೆಯವರಿಂದ, ಇವರಿಗೆ ಪ್ರವೇಶ ನಿರಾಕರಿಸಲಾಗಿದೆ ಎಂದು ಒಂದು ಚೀಟಿ ಬರೆಸಿಕೊಂಡು ಬನ್ನಿ ಎಂದರು. ಅದನ್ನು ತಂದುಕೊಟ್ಟ ಮೇಲೆ ನಿರ್ಗಮನದ ಠಸ್ಸೆಯ ಮೇಲೆ ಗೆರೆ ಎಳೆದು, ರದ್ದು ಎಂದು ಫ್ರೆಂಚ್‌ನಲ್ಲಿ ಬರೆದು, ಸಹಿ ಹಾಕಿ, ತಾರೀಖು ನಮೂದಿಸಿದರು. ಈ ವಿವರವನ್ನು ನೆನಪಿನಲ್ಲಿಡಿ. ಹೀಗೆ ಸಿಕ್ಕಿಹಾಕಿಕೊಂಡರೆ ಕೂಗಾಡುವುದರಿಂದ ಏನೂ ಆಗುವುದಿಲ್ಲ. ನಿರಾಕರಣೆಯನ್ನು ಬರಹದಲ್ಲಿ ಕೇಳಿ, ಠಸ್ಸೆ ರದ್ದು ಮಾಡಲು ಕೇಳಿ. ಮೇಲಧಿಕಾರಿ ಬರುವವರೆಗೆ ತಾಳ್ಮೆಯಿಂದ ಕೂರಿ. ಎಲ್ಲಕ್ಕಿಂತ ಒಳ್ಳೆಯದು, ಠಸ್ಸೆ ಒತ್ತಿಸುವ ಮೊದಲೇ ಆಚೆ ಬದಿಯಿಂದ ಅದೇ ದಿನ ಬೆಳಿಗ್ಗೆ ದಾಟಿ ಬಂದ ಪ್ರಯಾಣಿಕರನ್ನು ಹುಡುಕಿ ವಿಚಾರಿಸುವುದು. ಎದುರಿನಿಂದ ಒಂದೂ ವಾಹನ ಬರುತ್ತಿಲ್ಲ ಎಂದರೆ ಅಲ್ಲೇ ನಿಲ್ಲಿ. ವೀಸಾ ಪಡೆಯುವಾಗಲೂ ಹೆಚ್ಚು ಹಣ ಕೊಟ್ಟಾದರೂ ಹಲವು ಬಾರಿ ಪ್ರವೇಶವಿರುವುದನ್ನೇ ಕೇಳಿ, ಎರಡೂ ದೇಶಗಳಿಗೆ.

ಅಲ್ಲಿಗೂ ಮುಗಿಯಲಿಲ್ಲ. ರಾಜಧಾನಿ ಕೊನಾಕ್ರಿಗೆ ಹೋಗಿ ವಿಮಾನ ಹಿಡಿಯೋಣವೆಂದರೆ, ಸೆನೆಗಲ್ ಅದೇ ಆದೇಶದಲ್ಲಿ ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ಗಳಿಂದ ಬರುವ ವಿಮಾನ, ಹಡಗುಗಳನ್ನೂ ತಡೆದಿತ್ತು. ಡಾಕರ್‌ನ ನಮ್ಮ ಟಿಕೆಟ್ ಕಾಗದದ ಚೂರಾಯಿತು. ದುಬೈ ಮೂಲಕ ಬರೋಣವೆಂದರೆ ಎಮಿರೇಟ್ಸ್ ಆಗಸ್ಟ್ ಆರಂಭದಲ್ಲೇ ಕೊನಾಕ್ರಿಗೆ ಹಾರಾಟ ನಿಲ್ಲಿಸಿತ್ತು. ಆಗ್ನೇಯದ ಐವರಿ ಕೋಸ್ಟ್ ಕಡೆಯ ದಾರಿಯೂ ಅದೇ ವಾರ ಮುಚ್ಚಿತು. ಅದರ ಪಶ್ಚಿಮದ ಗಡಿಗಳು ಮತ್ತೆ ತೆರೆದದ್ದು 2016ರಲ್ಲಿ. ಗಿನಿಯಲ್ಲಿ ಆಗ ಭಾರತದ ರಾಯಭಾರ ಕಚೇರಿ ಇರಲಿಲ್ಲ. ಐವರಿ ಕೋಸ್ಟ್‌ನ ಅಬಿಜಾನ್ ನಗರದ ಕಚೇರಿಯೇ ಗಿನಿಯನ್ನೂ ನೋಡಿಕೊಳ್ಳುತ್ತಿತ್ತು, ಮತ್ತು ಅಬಿಜಾನ್ ಇರುವುದು ಆ ಮುಚ್ಚಿದ ಗಡಿಯ ಆಚೆ. ಕೊನೆಗೆ ಉಳಿದದ್ದು ಕಾಸಾಬ್ಲಾಂಕಾಗೆ ಹಾರುತ್ತಿದ್ದ ರಾಯಲ್ ಏರ್ ಮರೋಕ್. ದುಬಾರಿ ಟಿಕೆಟ್ ಕೊಂಡು, ಜ್ವರ ಅಳೆಸಿಕೊಂಡು, ಅದರಲ್ಲಿ ಹೊರಟೆವು. ಮಿಕ್ಕಿದ ಗಿನಿ ಫ್ರಾಂಕ್‌ಗಳನ್ನು ಹೊರಗೆ ಯಾರೂ ಕೊಳ್ಳಲಿಲ್ಲ. ಯೂರೋ ನೋಟುಗಳು ಇದ್ದದ್ದರಿಂದಲೇ ಪಾರಾದೆವು. ವಿಮೆಯ ಕಂಪನಿ, ಸರ್ಕಾರದ ಆದೇಶದಿಂದಾದ ನಷ್ಟಕ್ಕೆ ಪರಿಹಾರವಿಲ್ಲ ಎಂಬ ಷರತ್ತನ್ನು ತೋರಿಸಿ ಕೈತೊಳೆದುಕೊಂಡಿತು. ನಿಮ್ಮ ಪಾಲಿಸಿಯಲ್ಲಿ ಆ ಸಾಲು ಇದೆಯೇ ಎಂದು ಹೊರಡುವ ಮೊದಲೇ ಹುಡುಕಿ.

ಇದು ಎಬೋಲಾದ ಒಂದು ವಿಚಿತ್ರ ಪ್ರಸಂಗ ಎಂದು ತಳ್ಳಿಹಾಕಬೇಡಿ. 2019ರ ಆಗಸ್ಟ್ 1ರಂದು ರುವಾಂಡಾ, ಕಾಂಗೋದ ಗೋಮಾ ನಗರದ ಕಡೆಯ ಗಡಿಯನ್ನು ಹಠಾತ್ತನೆ ಮುಚ್ಚಿ ಅದೇ ದಿನ ತೆರೆಯಿತು. 2020ರ ಮಾರ್ಚ್ 13ರಂದು ಮೊರಾಕ್ಕೊ ತನ್ನ ಮತ್ತು ಸ್ಪೇನ್‌ಗೆ ಸೇರಿದ ಸೆಯೂಟಾ, ಮೆಲಿಲ್ಲಾಗಳ ನಡುವಿನ ಗಡಿ ಮುಚ್ಚಿದಾಗ, ಅದು ತೆರೆಯಲು 2022ರ ಮೇ ಬರಬೇಕಾಯಿತು. ಒಂದು ಕೆಲವು ಗಂಟೆ, ಇನ್ನೊಂದು ಎರಡು ವರ್ಷಕ್ಕೂ ಹೆಚ್ಚು. ಬೀಗ ಬಿದ್ದ ದಿನ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಆದ್ದರಿಂದ ಗಡಿಯ ಬಳಿ ಬಿಡಾರ ಹೂಡಿ ಕಾಯುವ ಬದಲು, ವಿಮಾನಗಳು ಇನ್ನೂ ಹಾರುತ್ತಿರುವಾಗಲೇ ಹೊರಟುಬಿಡಿ. ನೆರೆಯ ಒಂದು ದೇಶ ಗಡಿ ಮುಚ್ಚಿತು ಎಂದು ಕೇಳಿದ ದಿನವೇ ನಿಮ್ಮ ಹೊರಡುವ ದಿನ, ಅದು ನಿಮ್ಮ ದಾರಿಯಲ್ಲಿರದ ದೇಶವಾಗಿದ್ದರೂ ಸರಿ.

ಇನ್ನೊಂದು ವಿಷಯ. ಎಬೋಲಾದ ಲಕ್ಷಣ ಕಾಣಿಸಲು 2ರಿಂದ 21 ದಿನ ಹಿಡಿಯುತ್ತದೆ. ಹಾಗಾಗಿ ರೋಗವಿರುವ ದೇಶದ ಠಸ್ಸೆ ಪಾಸ್‌ಪೋರ್ಟಿನಲ್ಲಿದ್ದರೆ ಮುಂದಿನ ದೇಶ ಆ ಅವಧಿ ಮುಗಿಯುವವರೆಗೆ, ಕೆಲವೊಮ್ಮೆ ಆಮೇಲೂ, ನಿಮ್ಮನ್ನು ತಡೆಯಬಹುದು. ಎಲ್ಲಿ ತಂಗಿದಿರಿ, ಯಾವ ವಾಹನದಲ್ಲಿ ಬಂದಿರಿ ಎಂಬುದನ್ನು ತಾರೀಖಿನೊಂದಿಗೆ ಬರೆದಿಟ್ಟುಕೊಳ್ಳಿ, ಕೇಳಿದವರಿಗೆ ಮುಚ್ಚುಮರೆ ಇಲ್ಲದೆ ತೋರಿಸಿ. ಮನೆಗೆ ಬಂದ ಮೇಲೆ ಜ್ವರ ಕಾಣಿಸಿದರೆ ನೇರವಾಗಿ ಆಸ್ಪತ್ರೆಯ ಸಾಲಿನಲ್ಲಿ ಹೋಗಿ ನಿಲ್ಲಬೇಡಿ. ಮೊದಲು ಫೋನ್ ಮಾಡಿ, ಯಾವ ದೇಶದಿಂದ ಬಂದಿದ್ದೀರಿ ಎಂದು ಹೇಳಿ, ಅವರು ಹೇಳಿದ ಬಾಗಿಲಿನಿಂದಲೇ ಒಳಗೆ ಹೋಗಿ. ಡಾಕರ್‌ನ ಆ ವಿದ್ಯಾರ್ಥಿ ರೋಗಿಗಳೊಂದಿಗೆ ತನಗಿದ್ದ ಸಂಪರ್ಕವನ್ನು ಮೊದಲು ಹೇಳಿರಲಿಲ್ಲ. ಅವನ ಆರೈಕೆಗೆ ನಿಂತಿದ್ದ ಆಸ್ಪತ್ರೆ ಸಿಬ್ಬಂದಿಯೂ ಅದರಿಂದಾಗಿ ನಿಗಾಕ್ಕೆ ಒಳಗಾಗಬೇಕಾಯಿತು.