ಬಾಟಲಿ ತಳದಂಥ ಚಸ್ಮಾ ಬಿಟ್ಟು 1.67 ಲೆನ್ಸ್ ಹಾಕಿಸಿದೆ

ನನ್ನ ನಂಬರ್ ಎರಡೂ ಕಣ್ಣಿಗೆ ಮೈನಸ್ ಆರೂವರೆ. ಬೆಟಗೇರಿಯಲ್ಲಿ ನಮ್ಮದು ಮಗ್ಗದ ಮನೆ. ಸೀರೆ ಮಡಿಸುವ ಮುಂಚೆ ಎಳೆ ತಪ್ಪಿದ್ದನ್ನು ಹುಡುಕೋದು ನನ್ನ ಕೆಲಸ. ದೀಪಾವಳಿ ಮುಂದೆ ಹುಬ್ಬಳ್ಳಿಗೆ ಹೋದಾಗ ಕೊಪ್ಪೀಕರ್ ರಸ್ತೆಯ ಅಂಗಡಿಯೊಂದರಲ್ಲಿ ಈ ತೆಳು ಲೆನ್ಸ್ ಹಾಕಿಸಿದೆ (1.67 ಅಂದರೆ ಲೆನ್ಸು ಬೆಳಕನ್ನು ಬಗ್ಗಿಸುವ ಅಳತೆ, ಅದು ಹೆಚ್ಚಾದಷ್ಟೂ ಲೆನ್ಸು ತೆಳು). ಲೆನ್ಸಿಗೆ 4,600, ಫ್ರೇಮಿಗೆ ಬೇರೆ 900.

ತೆಳುವೇನೋ ಹೌದು. ಹಳೇ ಪ್ಲಾಸ್ಟಿಕ್ ಲೆನ್ಸಿನ ಅಂಚು ಆರು ಮಿಲಿಮೀಟರ್ ಹತ್ತಿರ ಇತ್ತು, ಇದು ನಾಲ್ಕು ಚಿಲ್ಲರೆ. ಮೂಗಿನ ಮೇಲಿನ ಕೆಂಪು ಗುರುತು ಎರಡು ವಾರದಲ್ಲಿ ಹೋಯ್ತು.

ಆದರೆ ಬಣ್ಣದ ವಿಷಯ ಅಂಗಡಿಯವರು ಬಾಯೇ ಬಿಡಲಿಲ್ಲ. ಟ್ಯೂಬ್‌ಲೈಟ್ ಕೆಳಗೆ ಕಪ್ಪು ಒಡಲಿನ ಸೀರೆಯ ಬಿಳಿ ಗೆರೆಯನ್ನು ಓರೆಗಣ್ಣಿಂದ ನೋಡಿದರೆ ಒಂದು ಮಗ್ಗುಲಿಗೆ ನೀಲಿ, ಇನ್ನೊಂದಕ್ಕೆ ಕೇಸರಿ. ಮೊದಲ ದಿನ ನೂಲು ಬಣ್ಣ ಬಿಟ್ಟಿತು ಅಂತ ಬಣ್ಣ ಹಾಕುವವರಿಗೆ ಫೋನ್ ಹಚ್ಚಿ ಜಗಳ ತೆಗೆದೆ! ಮುಖ ತಿರುಗಿಸಿ ನೆಟ್ಟಗೆ ನೋಡಿದರೆ ಮಾಯ. ತೆಳು ಮಾಡಲು ಬಳಸುವ ಈ ಪ್ಲಾಸ್ಟಿಕ್ಕು ಬೆಳಕಿನ ಬಣ್ಣಗಳನ್ನು ಹೆಚ್ಚು ಬಿಡಿಸುತ್ತದೆ. ಅದಕ್ಕೆ ಅಬ್ಬೆ ಸಂಖ್ಯೆ ಅಂತ ಅಳತೆ ಇದೆ. ಸಿಆರ್-39 ಅನ್ನೋ ಸಾದಾ ಪ್ಲಾಸ್ಟಿಕ್ ಲೆನ್ಸಿಗೆ 58, ಇದಕ್ಕೆ 32ರ ಆಸುಪಾಸು. ಕಡಿಮೆ ಆದಷ್ಟೂ ಅಂಚಿನಲ್ಲಿ ಕಾಮನಬಿಲ್ಲು.

"ಕಣ್ಣ ಕೆಟ್ಟಾವು, ಚಸ್ಮಾಕ್ಯಾಕ ಬೈತಿ" ಅಂತಾಳೆ ಅವ್ವ. ಅಲ್ಲ. ಚಸ್ಮಾ ತೆಗೆದು ಬಟ್ಟೆಯನ್ನು ಅರ್ಧ ಅಡಿಗೆ ಹಿಡಿದರೆ ಹಾಸು-ಹೊಕ್ಕು ಒಂದೊಂದೂ ಎಣಿಸುವಷ್ಟು ಖಡಕ್, ನೀಲಿಯೂ ಇಲ್ಲ ಕೇಸರಿಯೂ ಇಲ್ಲ. ದೊಡ್ಡವರ ಕಣ್ಣುಗುಡ್ಡೆ ಹಿಂದಮುಂದೆ ಸುಮಾರು 24 ಮಿಲಿಮೀಟರ್. ಒಂದು ಮಿಲಿಮೀಟರ್ ಉದ್ದಾದರೆ ಎರಡೂವರೆ-ಮೂರು ನಂಬರ್ ಏರುತ್ತದೆ. ನನ್ನದು ಎರಡು-ಎರಡೂವರೆ ಮಿಲಿಮೀಟರ್ ಜಾಸ್ತಿ ಬೆಳೆದಿರಬೇಕು. ದೂರದ್ದರ ಚಿತ್ರ ಚಲೋನೇ ಮೂಡುತ್ತದೆ, ಕಣ್ಣಿನ ಒಳಪರದೆಗಿಂತ ಮುಂದೆ ಮೂಡುತ್ತದೆ ಅಷ್ಟೆ. (ಗುಡ್ಡೆ ಹಿಗ್ಗಿದರೆ ಒಳಪರದೆಯೂ ಜಗ್ಗುತ್ತದೆ, ಹಂಗಾಗಿ ವರ್ಷಕ್ಕೊಮ್ಮೆ ಹನಿ ಹಾಕಿಸಿ ತೋರಿಸುತ್ತೇನೆ.)

ರಾತ್ರಿ ಗದಗ ರಸ್ತೆಯಲ್ಲಿ ಎದುರು ಲಾರಿಯ ದೀಪದ ಸುತ್ತ ಕಾಣುವ ಕೂದಲೆಳೆ ಮಾತ್ರ ಎರಡೂ ಚಸ್ಮಾದಲ್ಲಿ ಒಂದೇ. ಕತ್ತಲಲ್ಲಿ ಪಾಪೆ ಅಗಲವಾಗಿ, ಅದರ ಅಂಚಿನಿಂದ ಬಂದ ಬೆಳಕು ನಡುವಿನದರ ಜೊತೆ ಕೂಡೋದಿಲ್ಲ. ಆ ತಪ್ಪನ್ನು ಲೆನ್ಸಿನ ಮೇಲೆ ಹೊರಿಸಲಾರೆ.

ಐದಕ್ಕೆ ಮೂರು ಸ್ಟಾರ್. ನಿಮ್ಮದೂ ಬಣ್ಣ ನೋಡುವ ಕೆಲಸ ಆದರೆ ಫ್ರೇಮ್ ಸಣ್ಣದು ಆರಿಸಿ, ಬಣ್ಣ ಕಡಿಮೆ ಬಿಡಿಸುವ 1.60 ಕೇಳ್ರಿ, ಅಂಚೂ ತಾನೇ ಸಣ್ಣಾಗುತ್ತದೆ. ನಾನಂತೂ ಹಳೇದನ್ನು ಮಗ್ಗದ ಪಕ್ಕದ ಮೊಳೆಗೆ ತೂಗುಹಾಕಿದ್ದೇನೆ. ಹೊಸದು ಮದುವಿ-ಮುಂಜಿಗೆ.