ಪಠ್ಯದ ಫೈಲಿನಿಂದ ಮುದ್ರಣದ ಪುಟಕ್ಕೆ: ಜೀ-ರಾಫ್ ತಂತ್ರಾಂಶದ ವಿಮರ್ಶೆ

ಕಾಗದದ ಮೇಲೆ ಅಚ್ಚಾಗಬೇಕಾದ ವರದಿ, ಕೈಪಿಡಿ ಮತ್ತು ಪತ್ರಗಳನ್ನು ಸಿದ್ಧಪಡಿಸಲು ನಾನು ಕೆಲವು ವರ್ಷಗಳಿಂದ ಮುಕ್ತ ತಂತ್ರಾಂಶಗಳ ಗ್ನೂ ಯೋಜನೆಯ ಜೀ-ರಾಫ್ (groff) ಎಂಬ ಕಮಾಂಡ್ ಲೈನ್ ತಂತ್ರಾಂಶವನ್ನು ಬಳಸುತ್ತಿದ್ದೇನೆ. ರೋಮನ್ ಲಿಪಿಯಲ್ಲಿ ಬರೆದ, ಕೋಷ್ಟಕ ಮತ್ತು ಅಡಿಟಿಪ್ಪಣಿಗಳಿಂದ ತುಂಬಿದ, ಮತ್ತೆ ಮತ್ತೆ ತಿದ್ದಿ ಮುದ್ರಿಸಬೇಕಾದ ದಾಖಲೆಗಳಿಗೆ ಇದಕ್ಕಿಂತ ಚುರುಕಾದ, ನೆಚ್ಚಿಕೊಳ್ಳಬಹುದಾದ ಸಾಧನವನ್ನು ನಾನು ಕಂಡಿಲ್ಲ. ಆದರೆ ಕನ್ನಡದಲ್ಲೇ ಮುದ್ರಿಸಬೇಕೆನ್ನುವವರಿಗೆ ಇದನ್ನು ಸೂಚಿಸಲಾರೆ. ಎರಡಕ್ಕೂ ಸಕಾರಣಗಳಿವೆ.

ಕೆಲಸದ ಕ್ರಮ ಸರಳವಾಗಿದೆ. ಯಾವುದಾದರೂ ಎಡಿಟರಿನಲ್ಲಿ ಬರಿಯ ಪಠ್ಯವನ್ನು ಟೈಪ್ ಮಾಡುತ್ತಾ, ಶೀರ್ಷಿಕೆ, ಪ್ಯಾರಾ, ಅಡಿಟಿಪ್ಪಣಿ ಮೊದಲಾದವು ಬರುವ ಕಡೆಗಳಲ್ಲಿ ಚುಕ್ಕೆಯಿಂದ ಆರಂಭವಾಗುವ ಒಂದು ಸಾಲನ್ನು ಸೇರಿಸಬೇಕು. ಚುಕ್ಕೆಯ ನಂತರ ಎರಡು ಅಕ್ಷರಗಳ ಸೂಚನೆಯಿದ್ದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಬಳಿಕ ಟರ್ಮಿನಲ್‌ನಲ್ಲಿ ತಂತ್ರಾಂಶದ ಹೆಸರು, ಮ್ಯಾಕ್ರೊ (ಸಿದ್ಧ ಸೂಚನೆಗಳ) ಸಂಗ್ರಹದ ಹೆಸರು ಮತ್ತು ಬೇಕಾದ ಔಟ್‌ಪುಟ್‌ನ ಬಗೆಯನ್ನು ಒಂದೇ ಸಾಲಿನಲ್ಲಿ ಕೊಟ್ಟರೆ ಪಿಡಿಎಫ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಫೈಲ್ ಸಿದ್ಧವಾಗುತ್ತದೆ. ಇನ್ನೊಂದು ಆಯ್ಕೆಯನ್ನು ಸೇರಿಸಿದರೆ ಔಟ್‌ಪುಟ್ ನೇರವಾಗಿ ಪ್ರಿಂಟರಿನ ಸರದಿಗೇ ಹೋಗುತ್ತದೆ. ಹತ್ತಾರು ಪುಟಗಳ ವರದಿಯಾದರೂ ಕಮಾಂಡ್ ಕೊಟ್ಟು ಕಾಯಬೇಕೆಂದು ಅನಿಸುವಷ್ಟು ಹೊತ್ತು ಹಿಡಿಯುವುದಿಲ್ಲ.

ಈ ಚುರುಕಿಗೆ ಅದರ ವಂಶವೇ ಕಾರಣ. 1964ರ ಸುಮಾರಿಗೆ ಎಂಐಟಿಯಲ್ಲಿ ಜೆರೋಮ್ ಸಾಲ್ಟ್‌ಜರ್ ಬರೆದ ರನ್‌ಆಫ್ ಎಂಬ ಪಠ್ಯವಿನ್ಯಾಸದ ಕಾರ್ಯಕ್ರಮ ಈ ವಂಶದ ಮೂಲ. ಬೆಲ್ ಲ್ಯಾಬ್ಸ್‌ನಲ್ಲಿ ಜೋ ಒಸಾನಾ ಅವರು 1973ರ ವೇಳೆಗೆ ಸಿಎಟಿ ಎಂಬ ಫೋಟೊ ಅಕ್ಷರಜೋಡಣಾ ಯಂತ್ರಕ್ಕೆಂದು ಟೀ-ರಾಫ್ ಅನ್ನು ರೂಪಿಸಿದರು. ಅದು ಆ ಒಂದು ಯಂತ್ರಕ್ಕೇ ಕಟ್ಟುಬಿದ್ದಿತ್ತು. 1977ರಲ್ಲಿ ಒಸಾನಾ ತೀರಿಕೊಂಡ ಮೇಲೆ ಬ್ರಯಾನ್ ಕರ್ನಿಹನ್ ಅದನ್ನು ಯಾವ ಯಂತ್ರಕ್ಕೂ ಅಂಟಿಕೊಳ್ಳದಂತೆ ತಿದ್ದಿ ಬರೆದರು. 1990ರಲ್ಲಿ ಜೇಮ್ಸ್ ಕ್ಲಾರ್ಕ್ ಸಿ++ ಭಾಷೆಯಲ್ಲಿ ಹೊಸದಾಗಿ ಬರೆದು ಹೊರತಂದ ಜೀ-ರಾಫ್ ಇದೇ ದಾರಿಯನ್ನು ಹಿಡಿಯಿತು. ಹಾಗಾಗಿಯೇ ಇಂದು ಒಂದೇ ಮೂಲ ಫೈಲನ್ನು ಟರ್ಮಿನಲ್ ಪರದೆಗೂ ಪ್ರಿಂಟರಿಗೂ ಪಿಡಿಎಫ್‌ಗೂ ಕಳುಹಿಸಲು ಸಾಧ್ಯವಾಗಿದೆ. ಅತ್ಯಲ್ಪ ಮೆಮೊರಿಯ ಯಂತ್ರಗಳಲ್ಲಿ ಓಡಬೇಕಿದ್ದ ವಿನ್ಯಾಸ ಇಂದಿನ ಕಂಪ್ಯೂಟರುಗಳಿಗೆ ಭಾರವಾಗುವ ಪ್ರಶ್ನೆಯೇ ಇಲ್ಲ.

ನಾನು ಇದನ್ನು ಬಿಡದಿರಲು ಮುಖ್ಯ ಕಾರಣ ಕೋಷ್ಟಕಗಳು. ಮುಖ್ಯ ತಂತ್ರಾಂಶಕ್ಕೆ ಪಠ್ಯ ತಲುಪುವ ಮೊದಲು ಟಿಬಿಎಲ್ ಎಂಬ ಪ್ರತ್ಯೇಕ ಕಾರ್ಯಕ್ರಮ ಕೋಷ್ಟಕದ ಭಾಗವನ್ನಷ್ಟೇ ಓದಿ, ಅದನ್ನು ಕೆಳಹಂತದ ಸೂಚನೆಗಳಾಗಿ ಬಿಡಿಸಿ ಮುಂದಕ್ಕೆ ಕಳುಹಿಸುತ್ತದೆ. ಪ್ರತಿ ಕಾಲಂಗೆ ಒಂದೊಂದು ಅಕ್ಷರ ಬರೆದರೆ ಜೋಡಣೆ ನಿರ್ಧಾರವಾಗುತ್ತದೆ: ಎಡಕ್ಕೆ, ಬಲಕ್ಕೆ, ನಡುವಿಗೆ ಒಂದೊಂದು ಅಕ್ಷರ, ಅಂಕಿಗಳಿಗೆ ಇರುವ ಅಕ್ಷರವನ್ನು ಬಳಸಿದರೆ ದಶಮಾಂಶ ಬಿಂದುಗಳೆಲ್ಲ ಒಂದೇ ನೇರದಲ್ಲಿ ಬಂದು ನಿಲ್ಲುತ್ತವೆ. ಲೆಕ್ಕದ ವರದಿಗಳನ್ನು ಮುದ್ರಿಸುವವರಿಗೆ ಈ ಕೊನೆಯ ಸೌಲಭ್ಯ ಎಷ್ಟು ದೊಡ್ಡದೆಂಬುದು, ವರ್ಡ್ ಪ್ರೊಸೆಸರಿನಲ್ಲಿ ಅಂಕಿಗಳನ್ನು ಸ್ಪೇಸ್ ಒತ್ತಿ ಒತ್ತಿ ಸರಿಸಿದವರಿಗೆ ಗೊತ್ತಿರುತ್ತದೆ. ಕೋಷ್ಟಕದ ಒಂದು ಕೋಶದಲ್ಲಿ ಇಡೀ ಪ್ಯಾರಾ ಇದ್ದರೂ ಅದನ್ನು ಕಾಲಂನ ಅಗಲಕ್ಕೆ ಮಡಚಿ ಕೂರಿಸಲು ಉಪಾಯವಿದೆ. ಎಂಎಸ್ ಎಂಬ ಮ್ಯಾಕ್ರೊ ಸಂಗ್ರಹದ ಜೊತೆ ಬಳಸಿದಾಗ, ಕೋಷ್ಟಕ ಮುಂದಿನ ಪುಟಕ್ಕೆ ಹರಿದರೆ ಅದರ ತಲೆಬರಹ ಅಲ್ಲಿಯೂ ತಾನಾಗಿ ಅಚ್ಚಾಗುವಂತೆ ಮಾಡಬಹುದು. ಮಾಹಿತಿಯನ್ನು ಬೇರೊಂದು ಕಾರ್ಯಕ್ರಮದಿಂದ ತೆಗೆದು, ಕೋಶಗಳ ನಡುವೆ ಟ್ಯಾಬ್ ಇಟ್ಟು ನೇರವಾಗಿ ಇದಕ್ಕೆ ಉಣಿಸುವುದೂ ಸುಲಭ; ಹಾಗಾಗಿ ಪ್ರತಿ ತಿಂಗಳ ವರದಿಯನ್ನು ಕೈಯಿಂದ ಮುಟ್ಟದೆಯೇ ಸಿದ್ಧಪಡಿಸುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದಿಟ್ಟುಕೊಳ್ಳಬಹುದು. ಗಣಿತದ ಸೂತ್ರಗಳಿಗೆ ಇಕ್ಯುಎನ್, ರೇಖಾಚಿತ್ರಗಳಿಗೆ ಪಿಕ್ ಎಂಬ ಕಾರ್ಯಕ್ರಮಗಳೂ ಇದೇ ರೀತಿಯಲ್ಲಿ ಜೊತೆಗೂಡುತ್ತವೆ.

ಪಠ್ಯವನ್ನು ಟೈಪ್ ಮಾಡುವಾಗ ಪ್ರತಿ ವಾಕ್ಯವನ್ನೂ ಹೊಸ ಸಾಲಿನಿಂದ ಆರಂಭಿಸಬೇಕೆಂಬ ಪದ್ಧತಿಯನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ. ಸಾಲಿನ ಕೊನೆಯಲ್ಲಿ ಪೂರ್ಣವಿರಾಮ ಬಂದಾಗ ತಂತ್ರಾಂಶ ಅದನ್ನು ವಾಕ್ಯದ ಅಂತ್ಯವೆಂದು ಗುರುತಿಸಿ ಅದಕ್ಕೆ ತಕ್ಕ ಜಾಗ ಬಿಡುತ್ತದೆ; ಸಾಲಿನ ನಡುವೆ ಬರುವ ಸಂಕ್ಷೇಪದ ಚುಕ್ಕೆಯನ್ನು ಹಾಗೆ ಗ್ರಹಿಸುವುದಿಲ್ಲ. ಎರಡು ಆವೃತ್ತಿಗಳ ನಡುವೆ ಏನು ಬದಲಾಯಿತೆಂದು ಹೋಲಿಸಿ ನೋಡುವಾಗಲೂ ಇಡೀ ಪ್ಯಾರಾದ ಬದಲು ತಿದ್ದಿದ ವಾಕ್ಯ ಮಾತ್ರ ಕಣ್ಣಿಗೆ ಬೀಳುತ್ತದೆ.

ಇನ್ನು ಎಚ್ಚರಿಕೆಯ ಮಾತು. ಚುಕ್ಕೆಯಿಂದ ಆರಂಭವಾದ ಸಾಲನ್ನೆಲ್ಲ ಇದು ಸೂಚನೆಯೆಂದೇ ಭಾವಿಸುತ್ತದೆ. ಸೊನ್ನೆಯಿಲ್ಲದೆ ಬರೆದ ದಶಮಾಂಶ ಸಂಖ್ಯೆಯೊಂದು ಅಕಸ್ಮಾತ್ತಾಗಿ ಸಾಲಿನ ಮೊದಲಿಗೆ ಬಂದರೆ, ತನಗೆ ತಿಳಿಯದ ಸೂಚನೆ ಎಂದುಕೊಂಡು ಆ ಸಾಲನ್ನೇ ಬಿಟ್ಟು ಮುಂದೆ ಹೋಗುತ್ತದೆ, ಅದೂ ಒಂದು ಮಾತನ್ನೂ ಹೇಳದೆ. ಅಚ್ಚಾದ ಪ್ರತಿಯಲ್ಲಿ ಸಾಲು ಕಾಣೆಯಾಗುವುದು ಕ್ಷಮಿಸಲಾಗದ ದೋಷ. ಎಲ್ಲ ಎಚ್ಚರಿಕೆಗಳನ್ನೂ ತೋರಿಸುವ ಆಯ್ಕೆ ಇದೆ, ಅದನ್ನು ಕೊಟ್ಟರೆ ಫೈಲಿನ ಹೆಸರು ಮತ್ತು ಸಾಲಿನ ಸಂಖ್ಯೆಯ ಸಮೇತ ದೂರು ಪರದೆಯ ಮೇಲೆ ಬರುತ್ತದೆ; ಆದರೆ ಇದು ಮೊದಲಿನಿಂದಲೇ ಜಾರಿಯಲ್ಲಿರಬೇಕಿತ್ತು ಎಂಬುದು ನನ್ನ ದೃಢ ಅಭಿಪ್ರಾಯ.

ಪ್ಯಾರಾದ ಅಂದದ ವಿಷಯದಲ್ಲಿ ಟೆಕ್ ಎಂಬ ಇನ್ನೊಂದು ಅಕ್ಷರಜೋಡಣಾ ತಂತ್ರಾಂಶ ಇದಕ್ಕಿಂತ ಮುಂದಿದೆ. ಟೆಕ್ ಇಡೀ ಪ್ಯಾರಾವನ್ನು ಗಮನದಲ್ಲಿಟ್ಟು ಸಾಲುಗಳನ್ನು ಎಲ್ಲೆಲ್ಲಿ ಮುರಿಯಬೇಕೆಂದು ತೀರ್ಮಾನಿಸಿದರೆ, ಜೀ-ರಾಫ್ ಒಂದು ಸಾಲಿನಲ್ಲಿ ಹಿಡಿಸುವಷ್ಟು ಪದಗಳನ್ನು ತುಂಬಿ ಮುಂದಿನ ಸಾಲಿಗೆ ಹೋಗುತ್ತದೆ, ಹಿಂತಿರುಗಿ ನೋಡುವುದಿಲ್ಲ. ಅಗಲವಾದ ಪುಟದಲ್ಲಿ ಈ ವ್ಯತ್ಯಾಸ ಅಷ್ಟಾಗಿ ತೋರದು; ಎರಡು ಕಾಲಂಗಳ ಪುಟದಲ್ಲಿ ಮಾತ್ರ ಪದಗಳ ನಡುವೆ ಅಲ್ಲಲ್ಲಿ ದೊಡ್ಡ ತೆರಪುಗಳು ಉಳಿದು ಕಣ್ಣಿಗೆ ಚುಚ್ಚುತ್ತವೆ. ಅಂತಹ ಕಡೆ ಬಲ ಅಂಚನ್ನು ಸಮಗೊಳಿಸದೆ ಬಿಡುವುದೇ ಲೇಸು.

ವಿಷಯಾನುಕ್ರಮಣಿಕೆಯೂ ತೊಡಕಿನದು. ತಂತ್ರಾಂಶ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಲ ಓದುವುದರಿಂದ, ಎಂಎಸ್ ಮ್ಯಾಕ್ರೊಗಳಲ್ಲಿ ಪುಟಸಂಖ್ಯೆಗಳು ಗೊತ್ತಾಗುವುದು ಕೊನೆಯಲ್ಲಿ. ಅನುಕ್ರಮಣಿಕೆ ಅಚ್ಚಾಗುವುದೂ ಅಲ್ಲಿಯೇ. ಮುದ್ರಿಸಿದ ಹಾಳೆಗಳನ್ನು ಕೈಯಿಂದ ಮುಂದಕ್ಕೆ ತರಬೇಕು. ಕಾಗದದ ಅಳತೆಯನ್ನು ಎ4ಗೆ ಬದಲಿಸುವಾಗ ಅದನ್ನು ಪುಟವಿನ್ಯಾಸಕ್ಕೆ ಒಮ್ಮೆ, ಔಟ್‌ಪುಟ್ ಬರೆಯುವ ಭಾಗಕ್ಕೆ ಇನ್ನೊಮ್ಮೆ ತಿಳಿಸಬೇಕಾಗುತ್ತದೆ. ಒಂದನ್ನು ಬಿಟ್ಟರೆ ಪಠ್ಯದ ಚೌಕಟ್ಟು ಮತ್ತು ಹಾಳೆ ಒಂದಕ್ಕೊಂದು ಹೊಂದುವುದಿಲ್ಲ. ಛಾಯಾಚಿತ್ರಗಳು ತುಂಬಿದ ದಾಖಲೆಗೆ ಬೇರೆ ಸಾಧನವನ್ನು ಹುಡುಕಿಕೊಳ್ಳುವುದು ಒಳ್ಳೆಯದು.

ಕನ್ನಡದ ವಿಷಯವನ್ನು ನೋವಿನಿಂದಲೇ ಬರೆಯುತ್ತಿದ್ದೇನೆ. ಯುನಿಕೋಡ್ ಪಠ್ಯವನ್ನು ತನಗೆ ಬೇಕಾದ ಒಳರೂಪಕ್ಕೆ ತರುವ ಸಹಾಯಕ ಕಾರ್ಯಕ್ರಮ ಇದರ ಜೊತೆಯಲ್ಲೇ ಬರುತ್ತದೆಯಾದರೂ ಅಷ್ಟರಿಂದ ನಮ್ಮ ಕೆಲಸ ಆಗುವುದಿಲ್ಲ. ಗುಣಿತಾಕ್ಷರಕ್ಕೆ ತಕ್ಕಂತೆ ರೂಪ ಬದಲಿಸುವುದು, ಒತ್ತಕ್ಷರವನ್ನು ಅದರ ಜಾಗದಲ್ಲಿ ಕೂರಿಸುವುದು, ಅರ್ಕಾವೊತ್ತನ್ನು ಅಕ್ಷರದ ಬಲಕ್ಕೆ ಸರಿಸುವುದು ಇವೆಲ್ಲ ಫಾಂಟಿನೊಳಗಿನ ಓಪನ್‌ಟೈಪ್ ನಿಯಮಗಳನ್ನು ಓದಿ ಮಾಡಬೇಕಾದ ಕೆಲಸಗಳು. ಆ ಪದರವೇ ಜೀ-ರಾಫ್‌ನಲ್ಲಿ ಇಲ್ಲ. ಕನ್ನಡ ಪಠ್ಯವನ್ನು ಟರ್ಮಿನಲ್‌ನಿಂದಲೇ ಸರಳವಾಗಿ ಮುದ್ರಿಸಬೇಕಾದರೆ ಇಂತಹ ಲಿಪಿಗಳನ್ನು ಜೋಡಿಸಬಲ್ಲ ಪ್ಯಾಂಗೊ ಲೈಬ್ರರಿಯನ್ನು ಆಧರಿಸಿದ ಪ್ಯಾಪ್ಸ್ ಎಂಬ ಕಾರ್ಯಕ್ರಮ ಸಾಕು. ಪುಸ್ತಕದಂತಹ ವಿನ್ಯಾಸ ಬೇಕಿದ್ದರೆ ಹಾರ್ಫ್‌ಬಝ್ ಲೈಬ್ರರಿಯ ನೆರವಿನಿಂದ ಅಕ್ಷರಗಳನ್ನು ಜೋಡಿಸುವ, ಟೆಕ್ ವಂಶದ ಝೀಟೆಕ್ ಕಡೆಗೆ ಹೋಗಬೇಕು.

ರೋಮನ್ ಲಿಪಿಯ ಕೆಲಸಕ್ಕೆ ಇದನ್ನು ಹಾಕಿಕೊಳ್ಳುವವರು ಒಂದು ವಿಷಯವನ್ನು ಗಮನಿಸಬೇಕು. ಕೆಲವು ಲಿನಕ್ಸ್ ವಿತರಣೆಗಳಲ್ಲಿ ಮ್ಯಾನ್ ಪುಟಗಳನ್ನು (ಕಮಾಂಡುಗಳ ಕೈಪಿಡಿ ಪುಟಗಳನ್ನು) ತೋರಿಸಲು ಬೇಕಾದ ಮೂಲಭಾಗ ಮಾತ್ರ ಮೊದಲೇ ಇರುತ್ತದೆ, ಪೂರ್ಣ ಪ್ಯಾಕೇಜನ್ನು ಪ್ರತ್ಯೇಕವಾಗಿ ಹಾಕಿಕೊಳ್ಳಬೇಕು. ಸಾಧ್ಯವಿದ್ದರೆ 2023ರ ಜುಲೈನಲ್ಲಿ ಬಂದ 1.23.0 ಅಥವಾ ಅದರ ನಂತರದ ಆವೃತ್ತಿಯನ್ನೇ ಆರಿಸಿಕೊಳ್ಳಿ. ಅದಕ್ಕೆ ಹಿಂದಿನದು 2018ರದ್ದು. ಪತ್ರ ಮತ್ತು ವರದಿಗಳಿಗೆ ಎಂಎಸ್ ಮ್ಯಾಕ್ರೊಗಳಿಂದ ಆರಂಭಿಸಿ. ಪುಟದ ಅಂದಚಂದದ ಮೇಲೆ ಹೆಚ್ಚಿನ ಹಿಡಿತ ಬೇಕೆನ್ನುವವರು, ಅನುಕ್ರಮಣಿಕೆ ತಾನಾಗಿ ಮುಂದಕ್ಕೆ ಬರಬೇಕೆನ್ನುವವರು ಪೀಟರ್ ಶಾಫ್ಟರ್ ರೂಪಿಸಿದ ಮಾಮ್ ಮ್ಯಾಕ್ರೊಗಳನ್ನು ಬಳಸಬಹುದು; ಅವುಗಳ ದಾಖಲೆಗಳು ಜೀ-ರಾಫ್‌ನ ಮುಖ್ಯ ಕೈಪಿಡಿಗಿಂತ ಎಷ್ಟೋ ಪಾಲು ತಿಳಿಯಾಗಿವೆ.