ಕಾಸರಗೋಡಿನ ಕಪಾಟಿಗೆ ಹಾರ್ಡ್‌ಕೋರ್ ಪಂಕ್: ಒರಿಜಿನಲ್ ಬೇಡ, ಒಳ್ಳೆಯ ರೀಇಶ್ಯೂ ಸಾಕು

ಹಾರ್ಡ್‌ಕೋರ್ ಅಂದರೆ ಪಂಕ್ ರಾಕ್‌ನ ಇನ್ನೂ ವೇಗದ, ಒರಟಾದ ಬಗೆ. ಆ ಬಗೆಯ ಅಮೆರಿಕದ ತಂಡ ಮೈನರ್ ಥ್ರೆಟ್‌ನ ಮೊದಲ 7 ಇಂಚಿನ ರೆಕಾರ್ಡ್ ಬಂದದ್ದು 1981ರಲ್ಲಿ. ಅದರ ಒರಿಜಿನಲ್ ಪ್ರತಿಗೆ ಈಗ ನೂರಾರು ಡಾಲರ್ ಕೇಳುತ್ತಾರೆ. ಆ ದುಡ್ಡಿನಲ್ಲಿ ಹೆಚ್ಚಿನ ಪಾಲು ಹೋಗುವುದು ರೆಕಾರ್ಡಿಗಲ್ಲ, ಸ್ಲೀವಿಗೆ, ಅಂದರೆ ಹೊರಗಿನ ಲಕೋಟೆಗೆ. ವಾಷಿಂಗ್ಟನ್‌ನ ಡಿಸ್ಕಾರ್ಡ್ ಲೇಬಲ್ಲಿನ ಹುಡುಗರು ಶುರುವಿನ ಸ್ಲೀವ್‌ಗಳನ್ನು ಮನೆಯಲ್ಲೇ ಕುಳಿತು ಕತ್ತರಿಸಿ, ಮಡಚಿ, ಅಂಟಿಸಿದ್ದರು. ಅಗ್ಗದ ಕಾಗದ, ಕೈಯಲ್ಲಿ ಸವರಿದ ಅಂಟು. ಇವೆರಡೂ ಮಂಜೇಶ್ವರದಿಂದ ಹೊಸದುರ್ಗದವರೆಗಿನ ನಮ್ಮ ಗಾಳಿಯಲ್ಲಿ ಬಾಳುವ ಸರಕಲ್ಲ. ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಊರಿನಲ್ಲಿ ಅಂಥ ಸ್ಲೀವ್ ಆಟಿ ಮುಗಿಯುವುದರೊಳಗೆ ಬೂಷ್ಟು ಹಿಡಿಯುತ್ತದೆ, ಅಂಚಿನ ಅಂಟು ಬಿಟ್ಟುಕೊಳ್ಳುತ್ತದೆ. ದುಡ್ಡು ಕೊಟ್ಟದ್ದು ಯಾವುದಕ್ಕೋ ಅದೇ ಮೊದಲು ಹಾಳಾಗುತ್ತದೆ. ಆದ್ದರಿಂದ ಈ ವಿಮರ್ಶೆ ರೀಇಶ್ಯೂಗಳದ್ದು, ಅಂದರೆ ಮರುಮುದ್ರಣಗಳದ್ದು ಮಾತ್ರ: ಯಾವುದನ್ನು ತರಿಸಬೇಕು, ಯಾವುದನ್ನು ಬಿಡಬೇಕು, ತರಿಸಿದ್ದನ್ನು ಇಲ್ಲಿ ಉಳಿಸಿಕೊಳ್ಳುವುದು ಹೇಗೆ.

ರೀಇಶ್ಯೂ ಅಂದರೆ ಸದ್ದಿನಲ್ಲಿ ಎರಡನೇ ದರ್ಜೆ ಎಂಬ ಮಾತಿದೆ. ಜಾಝ್‌ಗೆ ಅದು ಎಷ್ಟು ನಿಜವೋ ಬೇರೆ ಚರ್ಚೆ, ಹಾರ್ಡ್‌ಕೋರ್‌ಗೆ ಅಷ್ಟು ಒಪ್ಪುವುದಿಲ್ಲ. ಕಾರಣ ಹಾಡುಗಳ ಉದ್ದ. ನಿಮಿಷಕ್ಕೆ 33⅓ ಸುತ್ತು ತಿರುಗುವ 12 ಇಂಚಿನ ರೆಕಾರ್ಡಿನ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗೆರೆ ಹಾಯುತ್ತದೆ. ಲೇಬಲ್ಲಿನ ಹತ್ತಿರ ಬರುವಾಗ ಅದು 21 ಸೆಂ.ಮೀ.ಗೆ ಇಳಿಯುತ್ತದೆ. ಅಷ್ಟೇ ಸದ್ದನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಬೇಕಾದಾಗ ಸಿಂಬಲ್ ಸಿಡಿಯುತ್ತದೆ, ಹಾಡುಗಾರನ 'ಸ' 'ಶ'ಗಳು ಉಗುಳಿದ ಹಾಗೆ ಕೇಳುತ್ತವೆ. ಬದಿಗೆ 22 ನಿಮಿಷ ಹಾಕಿದ ರಾಕ್ ಆಲ್ಬಮ್ಮಿಗೆ ಇದರಿಂದ ಬಿಡುಗಡೆಯಿಲ್ಲ. ಬದಿಗೆ ಏಳೆಂಟು ನಿಮಿಷದ ಹಾರ್ಡ್‌ಕೋರ್ ಆದರೆ ಗೆರೆಗಳನ್ನು ಹೊರಗಡೆಯೇ, ಅಗಲವಾಗಿ, ಜೋರಾಗಿ ಕೊರೆಯಬಹುದು. 45ರಲ್ಲಿ ತಿರುಗಿಸಿದರೆ ಇನ್ನೂ ಲಾಭ. ಹಾರ್ಡ್‌ಕೋರ್‌ನಲ್ಲಿ 45ರ 12 ಇಂಚು ಅಪರೂಪವಲ್ಲ, ಹಾಗಾಗಿ ದೊಡ್ಡ ರೆಕಾರ್ಡ್ ಎಂದು 33ಕ್ಕೆ ಇಟ್ಟು ಸೂಜಿ ಇಳಿಸುವ ಮೊದಲು ಲೇಬಲ್ ಓದಿ.

ಮೊದಲು ತರಿಸಬೇಕಾದದ್ದು ಡಿಸ್ಕಾರ್ಡ್‌ನ 12ನೇ ಸಂಖ್ಯೆಯ ರೆಕಾರ್ಡ್. ಮೈನರ್ ಥ್ರೆಟ್‌ನ 1981ರ ಎರಡೂ 7 ಇಂಚುಗಳು ಒಂದೇ 12 ಇಂಚಿನಲ್ಲಿವೆ: ಮೊದಲನೆಯದರ 8 ಹಾಡು, ಎರಡನೆಯದರ 4. ಮೆಟ್ಟಿಲ ಮೇಲೆ ಕೂತು, ಬೋಳುತಲೆಯನ್ನು ಮೊಣಕಾಲ ಮೇಲಿನ ತೋಳುಗಳಿಗೆ ಆನಿಸಿಕೊಂಡ ಹುಡುಗನ ಆ ಚಿತ್ರ ಎಷ್ಟೋ ಟೀ ಶರ್ಟುಗಳ ಮೇಲೆ ಕಂಡದ್ದೇ. ಅವನು ಹಾಡುಗಾರ ಇಯಾನ್ ಮೆಕಾಯ್‌ನ ತಮ್ಮ ಅಲೆಕ್. ಧ್ವನಿಮುದ್ರಣ ಆರ್ಲಿಂಗ್ಟನ್‌ನ ಇನ್ನರ್ ಇಯರ್ ಸ್ಟುಡಿಯೋದ್ದು, ಡಾನ್ ಝಿಯೆಂಟಾರಾ ಕೈಯದ್ದು. ಬಾಸ್ ಗಿಟಾರಿನ ತಂತಿಗೆ ಪಿಕ್ ತಾಗುವ ಕಟಕಟ ಶಬ್ದ ಈ ರೆಕಾರ್ಡಿನ ಜೀವ. ನಿಮ್ಮ ಸೆಟ್‌ನಲ್ಲಿ ಅದು ಕೇಳದೆ ಬರೇ ಗುಂಯ್ ಎಂದರೆ ದೋಷ ಪ್ರೆಸ್ಸಿಂಗಿನದ್ದಲ್ಲ (ರೆಕಾರ್ಡನ್ನು ಅಚ್ಚೊತ್ತಿದ್ದರದ್ದಲ್ಲ), ಸೂಜಿಯದ್ದು. ಇಷ್ಟು ವರ್ಷಗಳಾದರೂ ಡಿಸ್ಕಾರ್ಡ್ ತನ್ನ ಕ್ಯಾಟಲಾಗನ್ನು ತಾನೇ ಅಚ್ಚಿನಲ್ಲಿ ಇಟ್ಟುಕೊಂಡಿದೆ, ಬೆಲೆಯನ್ನೂ ಬೇಕೆಂದೇ ಕೆಳಗೆ ಇಟ್ಟಿದೆ. 'ಅಪರೂಪದ ಪ್ರತಿ' ಎಂದು ಯಾರಾದರೂ ಮೂರು ಪಟ್ಟು ಕೇಳಿದರೆ ಮೊದಲು ಲೇಬಲ್ಲಿನ ಬೆಲೆ ನೋಡಿ. ಇದರ ಜೊತೆಗೆ ಅದೇ ತಂಡದ 1983ರ 'ಔಟ್ ಆಫ್ ಸ್ಟೆಪ್' ಒಂದೇ ಪಾರ್ಸೆಲ್ಲಿನಲ್ಲಿ ಬರಲಿ, ಅಂಚೆ ವೆಚ್ಚ ಹಂಚಿಹೋಗುತ್ತದೆ.

ಎರಡನೆಯದು ಸರ್ಕಲ್ ಜರ್ಕ್ಸ್‌ನ 'ಗ್ರೂಪ್ ಸೆಕ್ಸ್'. 1980ರಲ್ಲಿ ಫ್ರಾಂಟಿಯರ್ ಲೇಬಲ್ ತಂದದ್ದು, 14 ಹಾಡು, ಒಟ್ಟು ಸುಮಾರು 15 ನಿಮಿಷ. ಕಾಸರಗೋಡಿನಿಂದ ಕುಂಬಳೆಗೆ ಬಸ್ಸು ಮುಟ್ಟುವ ಮೊದಲು ಮುಗಿಯುತ್ತದೆ. ಇದನ್ನು 40ನೇ ವರ್ಷದ ಆವೃತ್ತಿಯಾಗಿ ಟ್ರಸ್ಟ್ ರೆಕಾರ್ಡ್ಸ್ ಮತ್ತೆ ತಂದಿತು, ರಿಹರ್ಸಲ್ ಧ್ವನಿಮುದ್ರಣಗಳನ್ನೂ ಚಿತ್ರಗಳ ಪುಸ್ತಿಕೆಯನ್ನೂ ಸೇರಿಸಿ. ಪುಸ್ತಿಕೆ ಚೆಂದ. ರಿಹರ್ಸಲ್ ಹಾಡುಗಳನ್ನು ಎರಡನೇ ಸಲ ಕೇಳುವವರು ಕಡಿಮೆ. ಅದೇ ಟ್ರಸ್ಟ್ 2023ರಲ್ಲಿ ಬಾಸ್ಟನ್‌ನ ಎಸ್‌ಎಸ್‌ಡಿ ತಂಡದ 1982ರ ಆಲ್ಬಮ್ಮನ್ನೂ ತಂದಿತು. ಅದಕ್ಕೂ ಮೊದಲು ಆ ಆಲ್ಬಮ್ ಕೇಳಬೇಕಾದರೆ ದುಬಾರಿ ಒರಿಜಿನಲ್, ಇಲ್ಲವೇ ಕಳ್ಳ ಪ್ರತಿ ಎನ್ನುವ ಪರಿಸ್ಥಿತಿ ಇತ್ತು. ರೀಇಶ್ಯೂ ಇದ್ದರೆ ಏನು ಉಪಯೋಗ ಎಂದು ಕೇಳುವವರಿಗೆ ಇದೊಂದೇ ಉದಾಹರಣೆ ಸಾಕು.

ಡೆಡ್ ಕೆನಡೀಸ್ ವಿಷಯದಲ್ಲಿ ಸ್ವಲ್ಪ ಎಚ್ಚರ. 1980ರ 'ಫ್ರೆಶ್ ಫ್ರೂಟ್ ಫಾರ್ ರಾಟಿಂಗ್ ವೆಜಿಟಬಲ್ಸ್' ಈಗ ಎರಡು ಬಗೆಯಲ್ಲಿ ಸಿಗುತ್ತದೆ: ಹಳೆಯ ಮಿಕ್ಸ್ ಒಂದು, '2022 ಮಿಕ್ಸ್' ಎಂದು ಹೆಸರಿರುವ ಹೊಸದೊಂದು. ಎರಡನೆಯದು ರೀಮಾಸ್ಟರ್ ಅಲ್ಲ, ಅಂದರೆ ಹಳೆಯ ಮಿಕ್ಸಿನ ಸದ್ದನ್ನು ಬರೇ ತಿದ್ದಿದ್ದಲ್ಲ. ವಾದ್ಯಗಳ ಮಟ್ಟವನ್ನೇ ಮತ್ತೆ ಕೂಡಿಸಿದ್ದು. ಡ್ರಮ್ ದಪ್ಪಗಾಗಿದೆ, ಗಿಟಾರಿನ ಆ ಹಳೆಯ ಚೂಪು ಮೊಂಡಾಗಿದೆ. ಮೊದಲ ಸಲ ಕೊಳ್ಳುವವರು ಹಳೆಯ ಮಿಕ್ಸನ್ನೇ ಹುಡುಕುವುದು ಲೇಸು. ಹಾಡುಗಾರನಿಗೂ ಉಳಿದ ಮೂವರಿಗೂ ಕೋರ್ಟಿನಲ್ಲಿ ವ್ಯಾಜ್ಯ ನಡೆದು, ಆಮೇಲೆ ಕ್ಯಾಟಲಾಗ್ ಆಲ್ಟರ್ನೇಟಿವ್ ಟೆಂಟಕಲ್ಸ್‌ನಿಂದ ಮ್ಯಾನಿಫೆಸ್ಟೋ ರೆಕಾರ್ಡ್ಸ್‌ಗೆ ಹೋಯಿತು. ಸ್ಲೀವಿನಲ್ಲಿ ಲೇಬಲ್ ಹೆಸರು ಬೇರೆ ಕಂಡರೆ ನಕಲಿ ಎಂದು ಗಾಬರಿಯಾಗಬೇಡಿ.

ನಕಲಿ ಯಾವುದೆಂದು ತಿಳಿಯಲು ಬ್ಯಾಡ್ ಬ್ರೇನ್ಸ್ ಒಳ್ಳೆಯ ಪಾಠ. ಅವರ ಮೊದಲ ಆಲ್ಬಮ್ಮನ್ನು 1982ರಲ್ಲಿ ರೋಯಿರ್ ಕಂಪನಿ ತಂದದ್ದು ಕ್ಯಾಸೆಟ್ಟಿನಲ್ಲಿ ಮಾತ್ರ. ಯಾರಾದರೂ '1982ರ ಒರಿಜಿನಲ್ ಎಲ್‌ಪಿ' ಎಂದು ಮಾರಲು ಬಂದರೆ ಮಾತು ಅಲ್ಲಿಗೇ ಮುಗಿಸಿ. ಉಳಿದವಕ್ಕೆ ಮೂರು ಕಡೆ ನೋಡಬೇಕು. ಒಂದು, ರನ್‌ಔಟ್: ಕೊನೆಯ ಹಾಡಿಗೂ ಲೇಬಲ್ಲಿಗೂ ನಡುವಿನ ಖಾಲಿ ಜಾಗದಲ್ಲಿ ಕೆತ್ತಿದ ಅಕ್ಷರ, ಅಂಕಿ. ಮಾರುವವರಿಂದ ಇದರ ಫೋಟೋ ತರಿಸಿಕೊಂಡು ಡಿಸ್ಕಾಗ್ಸ್ ಎಂಬ ರೆಕಾರ್ಡ್‌ಗಳ ವೆಬ್‌ಸೈಟಿನ ಪಟ್ಟಿಗೆ ತಾಳೆ ನೋಡಿ. ಫೋಟೋ ಕೊಡಲು ಹಿಂಜರಿದರೆ ಬಿಟ್ಟುಬಿಡಿ. ಎರಡು, ಸಣ್ಣ ಅಕ್ಷರ. ಅಚ್ಚಾದ ಸ್ಲೀವನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದಾಗ ಚುಕ್ಕಿಯ ಮೇಲೆ ಚುಕ್ಕಿ ಬಿದ್ದು ಚಿತ್ರದಲ್ಲಿ ಅಲೆ ಏಳುತ್ತದೆ, ವಿಳಾಸದ ಸಾಲಿನ ಸಣ್ಣ ಅಕ್ಷರಗಳ ಹೊಟ್ಟೆ ಮುಚ್ಚಿಹೋಗುತ್ತದೆ. ಮೂರು, ಲೇಬಲ್ಲಿನ ಹೆಸರು ವಿಳಾಸ ಎಲ್ಲೂ ಇಲ್ಲದ 'ರೇಡಿಯೋ ಲೈವ್' ಆಲ್ಬಮ್‌ಗಳು. ಇವುಗಳ ದುಡ್ಡು ತಂಡಕ್ಕೆ ಹೋಗುವುದು ಅನುಮಾನ, ಸದ್ದೂ ಬಹುತೇಕ ಎಂಪಿ3 ಮಟ್ಟದ್ದೇ.

ಬಣ್ಣದ ರೆಕಾರ್ಡ್ ಬಗ್ಗೆ ಒಂದೇ ಮಾತು: ಕಪ್ಪು ಇದ್ದರೆ ಕಪ್ಪನ್ನೇ ಕೊಳ್ಳಿ. ಎರಡು ಮೂರು ಬಣ್ಣ ಚೆಲ್ಲಿದ ಹಾಗೆ ಬೆರೆಸಿದ ಪ್ರತಿಗಳಿಗೆ ಹೆಚ್ಚು ದುಡ್ಡು ಕೊಡುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ತರಿಸುವಾಗ ಮಾರುವವರಿಗೆ ಎರಡು ಸಾಲು ಬರೆಯಿರಿ. ರೆಕಾರ್ಡನ್ನು ಒಳಚೀಲದ ಸಮೇತ ಸ್ಲೀವಿನಿಂದ ಹೊರಗೆ ತೆಗೆದು, ಸ್ಲೀವಿನ ಹಿಂದೆ ಇಟ್ಟು ಪ್ಯಾಕ್ ಮಾಡಲು ಹೇಳಿ. ಒಳಗೇ ಇದ್ದರೆ ಪೆಟ್ಟಿಗೆ ಬಿದ್ದಾಗೆಲ್ಲ ರೆಕಾರ್ಡಿನ ಅಂಚು ಸ್ಲೀವಿನ ಹೊಲಿಗೆಗೆ ಗುದ್ದಿ ಸೀಳುತ್ತದೆ. ಮತ್ತೊಂದು, ಇಡೀ ಕಟ್ಟನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಆಮೇಲೆ ರಟ್ಟಿಗೆ ಹಾಕಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಆರ್ಡರ್ ಮಾಡದೇ ಇದ್ದರೆ ಇನ್ನೂ ಒಳ್ಳೆಯದು. 'ಗಿಫ್ಟ್ ಎಂದು ಬರೆಸಿದರೆ ಕಸ್ಟಮ್ಸ್ ಇಲ್ಲ' ಎಂಬ ಸಲಹೆ ಈಗಲೂ ಓಡಾಡುತ್ತಿದೆ. 5,000 ರೂಪಾಯಿವರೆಗಿನ ಆ ಉಡುಗೊರೆ ವಿನಾಯಿತಿಯನ್ನು 2019ರ ಡಿಸೆಂಬರ್‌ನಲ್ಲೇ ತೆಗೆದಿದ್ದಾರೆ. ಸುಳ್ಳು ಬರೆಸಿದರೆ ಪಾರ್ಸೆಲ್ ನಿಲ್ಲುತ್ತದೆ ಅಷ್ಟೆ. ನಿಜವಾದ ಬೆಲೆ ಬರೆಸಿ, ಬಿಲ್ಲಿನ ಪ್ರತಿ ಪೆಟ್ಟಿಗೆಯ ಹೊರಗೆ ಅಂಟಿಸಲು ಹೇಳಿ, ಸುಂಕವನ್ನು ಬೆಲೆಯಲ್ಲೇ ಸೇರಿಸಿಕೊಂಡು ಲೆಕ್ಕ ಹಾಕಿ. ವಿಳಾಸದಲ್ಲಿ ಮೊಬೈಲ್ ನಂಬರ್ ಇರಲಿ. ತೋಟದ ನಡುವಿನ ಮನೆ ಹುಡುಕಲು ಪೋಸ್ಟ್‌ಮನ್ನರಿಗೆ ಅದೇ ದಾರಿ.

ಬಂದ ದಿನವೇ ರೆಕಾರ್ಡನ್ನು ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ತಿರುಗಿಸಿ. ಗೆರೆಗಳ ನಡುವೆ ಸಕ್ಕರೆ ಉದುರಿಸಿದ ಹಾಗೆ ಮಿನುಗುವ ಪಟ್ಟಿ ಕಂಡರೆ ಅದು ಕೊಳೆಯಲ್ಲ. ಪ್ರೆಸ್ಸಿನಲ್ಲಿ ಪ್ಲಾಸ್ಟಿಕ್ ಅಚ್ಚಿನ ಆಳಕ್ಕೆ ತುಂಬಿಲ್ಲ. ನುಡಿಸಿದರೆ ಬಟ್ಟೆ ಹರಿದಂಥ ಶಬ್ದ ಬರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ತಿರುಗುವಾಗ ಟೋನ್‌ಆರ್ಮ್ (ಸೂಜಿ ಹೊತ್ತ ತೋಳು) ಎಡಕ್ಕೂ ಬಲಕ್ಕೂ ತೂಗಿದರೆ ನಡುವಿನ ತೂತು ಜರುಗಿದೆ, ಮೇಲಕ್ಕೂ ಕೆಳಕ್ಕೂ ಎದ್ದುಬಿದ್ದರೆ ರೆಕಾರ್ಡ್ ಬಾಗಿದೆ. ಫೋಟೋಕ್ಕಿಂತ ವಿಡಿಯೋ ತೆಗೆದಿಡಿ, ಬದಲಿ ಕೇಳುವಾಗ ವಾದಕ್ಕೆ ಎಡೆ ಇರುವುದಿಲ್ಲ.

ಹೊಸದಾದರೂ ಒಮ್ಮೆ ತೊಳೆಯಿರಿ. ಪ್ರೆಸ್ಸಿಂಗಿನ ಉಳಿಕೆ, ಕಾಗದದ ಒಳಚೀಲದ ನಾರು ಗೆರೆಯಲ್ಲೇ ಇರುತ್ತವೆ. 800 ಮಿ.ಲೀ. ಡಿಸ್ಟಿಲ್ಡ್ ವಾಟರ್, 200 ಮಿ.ಲೀ. ಐಸೋಪ್ರೊಪೈಲ್ ಆಲ್ಕೋಹಾಲ್, ಫೋಟೋ ಫಿಲ್ಮ್ ತೊಳೆಯಲು ಬಳಸುವ ವೆಟಿಂಗ್ ಏಜೆಂಟ್ ಎರಡು ಮೂರು ಹನಿ. ಬಾವಿ ನೀರು ಬೇಡ. ಮುರಕಲ್ಲಿನ ನೆಲದ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದೆ, ಒಣಗಿದ ಮೇಲೆ ಗೆರೆಯಲ್ಲಿ ಕೂತು ಟಿಕ್ ಟಿಕ್ ಎನ್ನುತ್ತದೆ. ಮೆತ್ತನೆಯ ಬ್ರಶ್ ಗೆರೆಯ ದಿಕ್ಕಿನಲ್ಲೇ ಓಡಬೇಕು, ಅಡ್ಡ ಎಳೆಯಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ, ಕೊನೆಗೆ ನಿಲ್ಲಿಸಿ ಒಣಗಿಸುವುದು. ಲೇಬಲ್ ಕಾಗದದ್ದು, ನೀರು ತಾಗಿಸಬೇಡಿ. 7 ಇಂಚಿನಲ್ಲಿ ರನ್‌ಔಟ್ ಕಿರಿದಾದ್ದರಿಂದ ಅಲ್ಲೇ ಕೈತಪ್ಪುವುದು. ಮನೆಯಲ್ಲಿ 78 ಸುತ್ತಿನ ಹಳೆಯ ಅರಗಿನ ರೆಕಾರ್ಡ್‌ಗಳಿದ್ದರೆ ಅವಕ್ಕೆ ಈ ಮಿಶ್ರಣ ತಾಗಿಸಲೇಬಾರದು, ಆಲ್ಕೋಹಾಲ್ ಅರಗನ್ನು ಕರಗಿಸುತ್ತದೆ. ಬೂಷ್ಟು ಹಿಡಿದ ರೆಕಾರ್ಡ್ ತೊಳೆದ ಮೇಲೆ ಹಳೆಯ ಒಳಚೀಲಕ್ಕೆ ಮತ್ತೆ ಹಾಕಿದರೆ ತೊಳೆದದ್ದು ದಂಡ.

ಇಡುವ ಜಾಗ. ಅಟ್ಟ ಬೇಡ: ಅಡಿಕೆ, ಕಾಳುಮೆಣಸಿನ ಪಕ್ಕ ಬೂಷ್ಟು ಬೇಗ ಹರಡುತ್ತದೆ, ಬೇಸಿಗೆಯಲ್ಲಿ ಹಂಚಿನ ಬಿಸಿಗೆ ರೆಕಾರ್ಡ್ ಬಾಗುತ್ತದೆ. ಪಡುವಣ ಗೋಡೆಗೆ ತಾಗಿಸಿ ಕಪಾಟು ಇಡಬೇಡಿ, ಮಳೆ ಹೊಡೆಯುವುದು ಆ ಕಡೆಯಿಂದಲೇ. ಗೋಡೆಗೂ ಕಪಾಟಿಗೂ ನಡುವೆ ನಾಲ್ಕು ಬೆರಳು ಗಾಳಿ ಆಡಲಿ. ಹೊಸ ರೆಕಾರ್ಡಿನ ಶ್ರಿಂಕ್ ಪ್ಲಾಸ್ಟಿಕ್ ಹರಿದು ತೆಗೆಯಿರಿ. ಅದು ತೇವ ಹಿಡಿದಿಡುತ್ತದೆ, ಬಿಗಿಯಾದರೆ ಸ್ಲೀವನ್ನೂ ಬಾಗಿಸುತ್ತದೆ. ಹೊರಚೀಲ ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್‌ನದ್ದಿರಲಿ. ದಪ್ಪಗೆ, ಮೆತ್ತಗೆ, ವಾಸನೆ ಬರುವ ಪಿವಿಸಿ ಚೀಲ ನಮ್ಮ ಸೆಕೆಗೆ ರೆಕಾರ್ಡಿನ ಮೇಲೆ ಮಂಜು ಕಟ್ಟಿಸುತ್ತದೆ. ಹಾರ್ಡ್‌ಕೋರ್‌ನವರಿಗೆ ಇನ್ನೊಂದು ನಷ್ಟವೂ ಇದೆ: ಜೊತೆಗೆ ಬರುವ ಹಾಡಿನ ಸಾಹಿತ್ಯದ ಹಾಳೆ ಎಷ್ಟೋ ಸಲ ಜೆರಾಕ್ಸ್ ಪ್ರತಿ, ಅದರ ಶಾಯಿಪುಡಿ ಪಿವಿಸಿಗೆ ಅಂಟಿ ಅಕ್ಷರಗಳೇ ಎದ್ದುಬರುತ್ತವೆ. ಕಪಾಟಿನೊಳಗೆ ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ಇಡಿ. ಮುಳ್ಳು ಶೇ. 65 ದಾಟಿದರೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ತೆಗೆದು, ಹರಳನ್ನು ಒವನ್‌ನಲ್ಲಿ 120 ಡಿಗ್ರಿಯಲ್ಲಿ ಒಣಗಿಸಿ ಮತ್ತೆ ಇಡಬೇಕು.

ಸೂಜಿಗೆ ಬೇರೆ ಹಣ ಎತ್ತಿಡಿ. ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರಿನ ಸೆರಾಮಿಕ್ ಕಾರ್ಟ್ರಿಜ್ (ಸೂಜಿ ಕೂತಿರುವ ಭಾಗ) 5 ಗ್ರಾಂ ಆಸುಪಾಸು ಭಾರ ಹಾಕುತ್ತದೆ, ಜೋರಾಗಿ ಕೊರೆದ ಹಾರ್ಡ್‌ಕೋರ್ ಗೆರೆಯನ್ನು ಉತ್ತುಬಿಡುತ್ತದೆ. ಆಡಿಯೋ ಟೆಕ್ನಿಕಾದ ಎಟಿ-ವಿಎಂ95ಇ ಕಾರ್ಟ್ರಿಜ್ ಸಾಕು: ಭಾರ 1.8ರಿಂದ 2.2 ಗ್ರಾಂ, ನಡುವೆ 2.0ಕ್ಕೆ ಇಡಿ. ಮುಂದೆ ಮನಸ್ಸಾದರೆ ಅದೇ ಕಾರ್ಟ್ರಿಜ್‌ಗೆ ಇನ್ನೂ ನಯವಾದ ತುದಿಯ ಮೈಕ್ರೋಲೈನ್ ಸೂಜಿ ಮಾತ್ರ ತಂದು ಸಿಕ್ಕಿಸಬಹುದು, ಲೇಬಲ್ಲಿನ ಹತ್ತಿರದ ಸಿಡಿತ ಬಹಳ ಮಟ್ಟಿಗೆ ಇಳಿಯುತ್ತದೆ. ಪಾರ್ಸೆಲ್ ತರಿಸುವುದಿದ್ದರೆ ನವೆಂಬರ್‌ನಿಂದ ಮಾರ್ಚ್ ಒಳಗೆ. ಮೊದಲ ಪಟ್ಟಿಯಲ್ಲಿ ಡಿಸ್ಕಾರ್ಡ್‌ನ ಎರಡು, ಟ್ರಸ್ಟ್‌ನ ಒಂದು, ಜೊತೆಗೆ ಇಷ್ಟಕ್ಕೂ ಸಾಲುವಷ್ಟು ಒಳಚೀಲ.